ನಮ್ಮ ಮನೆಯ ಕುದುರೆಗಳು

ನಮ್ಮ ಹೊಸ ಮನೆಯಲ್ಲಿ ಈಗ 31 ಕುದುರೆಗಳಿವೆ. ಒಂದಕ್ಕೂ ಹುರುಳಿ ನೆನೆಹಾಕಬೇಕಾಗಿಲ್ಲ. ಹುಲ್ಲಿನ ಹೊರೆ ತರಬೇಕಾಗಿಲ್ಲ. ಹೊಟ್ಟೆನೋವು ಬಂತೆಂದು ನಡುರಾತ್ರಿ ಎದ್ದು ಬೀದಿಯಲ್ಲಿ ನಡೆಸಿಕೊಂಡು ತಿರುಗಬೇಕಾಗಿಲ್ಲ. ವಾರಕ್ಕೊಮ್ಮೆ ಒಣಬಟ್ಟೆಯಿಂದ ಧೂಳು ಒರೆಸಿದರೆ ತೃಪ್ತವಾಗಿರುತ್ತವೆ. ಈ ಲೆಕ್ಕವನ್ನು ನಾನು ಅಂದಾಜಿನ ಮೇಲೆ ಹೇಳುತ್ತಿಲ್ಲ. ಪರೀಕ್ಷೆಯ ಪುಸ್ತಕ ಮುಂದಿರುವಾಗ ಲೋಕದ ಮಿಕ್ಕೆಲ್ಲ ವಿಷಯಗಳಲ್ಲಿಯೂ ಆಸಕ್ತಿ ಹುಟ್ಟುವುದು ವಿದ್ಯಾರ್ಥಿಗಳಿಗೆ ಸಹಜವಷ್ಟೆ. ಅಂಥ ಒಂದು ಮಧ್ಯಾಹ್ನ ಕೋಣೆಕೋಣೆಗೂ ಹೋಗಿ ಎಣಿಸಿದ್ದೇನೆ. ನಡುಮನೆಯ ಗೋಡೆಯ ಮೇಲೆ ಏಳು, ಮೆಟ್ಟಿಲ ಪಕ್ಕದ ಚೌಕಟ್ಟುಗಳಲ್ಲಿ ಆರು, ದಿಂಬಿನ ಗವುಸುಗಳ ಮೇಲೆ ಆರು, ಕಾಫಿ ಬಟ್ಟಲುಗಳ ಮೇಲೆ ಆರು, ಪುಸ್ತಕಗಳು ಒರಗದಂತೆ ಎರಡು ಕಡೆಯಿಂದಲೂ ಒತ್ತಿ ಹಿಡಿದಿರುವ ಹಿತ್ತಾಳೆಯವು ಎರಡು, ಮಣ್ಣಿನವು ಎರಡು, ಮರದ್ದು ಒಂದು. ಮೂಲೆಯ ದೀಪಕ್ಕೆ ಕುದುರೆಯ ತಲೆ ಮಾತ್ರ ಉಂಟು, ಮುಂಡವಿಲ್ಲ. ಅದನ್ನು ಒಂದೆಂದು ಹಿಡಿಯಬಹುದೇ ಎಂದು ತಾತನನ್ನು ಕೇಳಿದೆ. “ತಿನ್ನೋ ಬಾಯಿ ಅದೆಯಲ್ಲ, ಒಂದೇ ಅಂತ ಬರ್ಕೊ” ಎಂದರು.

ಇಷ್ಟು ಕುದುರೆಗಳು ನಮ್ಮಲ್ಲಿಗೆ ಬಂದದ್ದು ಹೇಗೆಂಬುದನ್ನು ಹೇಳಬೇಕು. ನಾವು ಮೊದಲಿದ್ದುದು ಮೈಸೂರಿನ ಹಳೆಯ ಬೀದಿಯೊಂದರ ಪುಟ್ಟ ಬಾಡಿಗೆಯ ಮನೆ. ಅಣ್ಣನಿಗೆ ಕೆಲಸವಾಗಿ, ಮದುವೆಯಾಗಿ, ಅಪ್ಪನ ಉಳಿತಾಯವೂ ಅಣ್ಣನ ಸಾಲವೂ ಕೂಡಿ ಊರ ಹೊರಗಿನ ಹೊಸ ಬಡಾವಣೆಯಲ್ಲಿ ಒಂದು ಮನೆಯೆದ್ದಿತು. ಗೋಡೆಗೆ ಸುಣ್ಣ ಬಳಿದು, ದೇವರ ಪಟ ಒಂದನ್ನು ತೂಗುಹಾಕಿ ಒಳಗೆ ಹೋಗಿ ಕೂಡುವ ಕಾಲ ಕಳೆಯಿತೆಂದು ತಿಳಿದದ್ದು ಆಗ. ಮನೆಗೆ ಒಂದು ‘ಥೀಮ್’ ಬೇಕಂತೆ. ನಾಟಕಕ್ಕೆ ಕಥಾವಸ್ತುವಿದ್ದ ಹಾಗೆ ಮನೆಗೂ ಒಂದು ವಸ್ತುವಿರಬೇಕು. ದಿಂಬಿನಿಂದ ಹಿಡಿದು ಬಾಗಿಲ ಹಿಡಿಯವರೆಗೆ ಎಲ್ಲವೂ ಅದನ್ನೇ ಹೇಳಬೇಕು. ಒಳಾಂಗಣದ ಅಲಂಕಾರ ಮಾಡಿಕೊಡುವ ತರುಣನೊಬ್ಬ ಬಂದು ಅತ್ತಿಗೆಯ ಮುಂದೆ ಮೂರು ದಾರಿಗಳನ್ನಿಟ್ಟ: ಸಮುದ್ರ, ಕಾಡು, ಕುದುರೆ. ಮೈಸೂರಿಗೆ ಸಮುದ್ರ ದೂರ. ಕಾಡು ಎಂದರೆ ಅಮ್ಮನಿಗೆ ಸೊಳ್ಳೆಯ ಯೋಚನೆ. ಹೀಗೆ ಕುದುರೆ ಗೆದ್ದಿತು.

ಅತ್ತಿಗೆಯನ್ನು ಹಾಸ್ಯಮಾಡುವುದು ನನ್ನ ಉದ್ದೇಶವಲ್ಲ. ನಮ್ಮ ಮನೆಯಲ್ಲಿ ಒಂದು ಕೆಲಸಕ್ಕೆ ಕೈಹಾಕಿದರೆ ಅದರ ಪೂರ್ವೋತ್ತರಗಳನ್ನು ತಿಳಿದುಕೊಂಡು ಮಾಡುವವರು ಅವರೊಬ್ಬರೇ. ಈ ಕುದುರೆಯ ಶೈಲಿ ಎಂಬುದರ ಮೂಲ ಇಂಗ್ಲೆಂಡಿನ ಹಳ್ಳಿಗಾಡಿನ ಶ್ರೀಮಂತರ ಮನೆಗಳಲ್ಲಿದೆ ಎಂದು ನನಗೆ ತಿಳಿಸಿದವರೂ ಅವರೇ. ಆ ಜನ ನಿಜವಾಗಿ ಕುದುರೆ ಸಾಕಿ, ಕುದುರೆಯೇರಿ, ನರಿಬೇಟೆಯಾಡುತ್ತಿದ್ದವರು. ಕೆಸರಿನ ಬೂಟು, ಚರ್ಮದ ಜೀನು, ಹಿತ್ತಾಳೆಯ ಗುಂಡಿಗಳು ಅವರ ಹಜಾರದಲ್ಲಿ ಬಿದ್ದಿರುತ್ತಿದ್ದವು. ಗೋಡೆಯ ಮೇಲೆ ಮೆಚ್ಚಿನ ಕುದುರೆಯ ಚಿತ್ರವಿರುತ್ತಿತ್ತು. ಕುದುರೆ ಹೋದರೂ ಜೀನಿನ ಬಣ್ಣ ಉಳಿಯಿತು. ಪ್ಯಾರಿಸಿನಲ್ಲಿ ಎರ್ಮೆಸ್ ಎಂಬ ಹೆಸರುವಾಸಿಯಾದ ಚರ್ಮದ ವ್ಯಾಪಾರದ ಸಂಸ್ಥೆಯುಂಟು. ಅದರ ಚೀಲವೊಂದರ ಬೆಲೆ ಕೇಳಿದರೆ ನಮ್ಮಂಥವರಿಗೆ ತಲೆ ತಿರುಗುತ್ತದೆ. ಅದು 1837ರಲ್ಲಿ ಆರಂಭವಾದದ್ದು ಗಾಡಿಕುದುರೆಗಳಿಗೆ ಕಟ್ಟುವ ಚರ್ಮದ ಪಟ್ಟಿಗಳನ್ನು ಹೊಲಿಯುವ ಅಂಗಡಿಯಾಗಿ. ಇಂದಿಗೂ ಅದರ ಗುರುತು ಒಂದು ಕುದುರೆಗಾಡಿಯೇ. ಇಟಲಿಯ ಗುಚ್ಚಿ ಸಂಸ್ಥೆ 1953ರಲ್ಲಿ ಕಡಿವಾಣದ ಲೋಹದ ತುಂಡನ್ನು ಗಂಡಸರ ಪಾದರಕ್ಷೆಯ ಮೇಲೆ ಕೂರಿಸಿತು. ಕುದುರೆಯ ಬಾಯಲ್ಲಿದ್ದದ್ದು ಮನುಷ್ಯನ ಕಾಲಿಗೆ ಬಂತು! ಇದನ್ನು ಕೇಳಿ ತಾತ ಬಹಳ ಹೊತ್ತು ನಕ್ಕರು. ಅವರ ಕಾಲದಲ್ಲಿ ಜಟಕಾದ ಪಟ್ಟಿ ಹೊಲಿಯುವವನಿಗೆ ಮದುವೆಮನೆಯಲ್ಲಿ ಮುಂದಿನ ಪಂಕ್ತಿಯಲ್ಲಿ ಎಲೆ ಹಾಕುತ್ತಿರಲಿಲ್ಲವಂತೆ.

ನಡುಮನೆಯ ಏಳು ಕುದುರೆಗಳು ವಾಸ್ತು ಹೇಳುವವರ ಕಾಣಿಕೆ. ಇದನ್ನು ನೀವೆಲ್ಲರೂ ಯಾವುದಾದರೊಂದು ಮನೆಯಲ್ಲಿ ನೋಡಿಯೇ ಇರುತ್ತೀರಿ: ಏಳು ಬಿಳಿಯ ಕುದುರೆಗಳು ನೊರೆನೀರನ್ನು ಚಿಮ್ಮಿಸುತ್ತ, ಕೇಸರಗಳನ್ನು ಹಾರಿಸಿಕೊಂಡು, ನೋಡುವವರ ಮೇಲೆಯೇ ಬೀಳುವಂತೆ ಓಡಿ ಬರುತ್ತಿರುವ ಪಟ. ಮೊದಲು ತಂದ ಪಟದಲ್ಲಿ ಅವು ಬಲದಿಂದ ಎಡಕ್ಕೆ ಓಡುತ್ತಿದ್ದವು. ನಮ್ಮ ಗೋಡೆಯ ಮೇಲೆ ಹಾಗೆ ಹಾಕಿದರೆ ಅವುಗಳ ಮುಖ ಬೀದಿಬಾಗಿಲ ಕಡೆಗಾಗಿ, ಮನೆಯ ಐಶ್ವರ್ಯವೆಲ್ಲ ಹೊರಗೆ ಓಡುತ್ತದೆ ಎಂಬ ಅನುಮಾನ ಬಂತು. ಮನೆಯ ಸಾಲದ ಮೊದಲ ಕಂತು ಹೊರಗೆ ಓಡಿ ಆಗಲೇ ಎರಡು ದಿನವಾಗಿದ್ದುದರಿಂದ ಈ ಅನುಮಾನಕ್ಕೆ ಬಲ ಬಂತು. ಪಟವನ್ನು ಹಿಂದಕ್ಕೆ ಕೊಟ್ಟು ಒಳಮುಖವಾಗಿ ಓಡುವ ಏಳನ್ನು ತಂದೆವು.

ಏಳೇ ಏಕೆಂದರೆ ಸೂರ್ಯನ ರಥಕ್ಕೆ ಏಳು ಕುದುರೆಗಳು. ವಿಷ್ಣುಪುರಾಣದಲ್ಲಿ ಅವು ವೇದದ ಏಳು ಛಂದಸ್ಸುಗಳು: ಗಾಯತ್ರೀ, ಬೃಹತೀ, ಉಷ್ಣಿಕ್, ಜಗತೀ, ತ್ರಿಷ್ಟುಪ್, ಅನುಷ್ಟುಪ್, ಪಂಕ್ತಿ. ಎಷ್ಟು ಚೆಲುವಾದ ಕಲ್ಪನೆ! ಹೊತ್ತು ಮೂಡುವುದು ಪದ್ಯದ ನಡೆಯಲ್ಲಿ. ಒಡಿಶಾದ ಕೋನಾರ್ಕದಲ್ಲಿ 13ನೆಯ ಶತಮಾನದಲ್ಲಿ ನರಸಿಂಹದೇವನು ಇಡಿಯ ದೇವಾಲಯವನ್ನೇ ರಥವನ್ನಾಗಿ ಕಟ್ಟಿಸಿದಾಗ 24 ಗಾಲಿಗಳನ್ನೂ ಏಳು ಕುದುರೆಗಳನ್ನೂ ಮಾಡಿಸಿದ್ದು ಈ ಎಣಿಕೆಯಿಂದಲೇ. ಆದರೆ ನಮ್ಮ ನಡುಮನೆಯ ಪಟದಲ್ಲಿ ರಥವಿಲ್ಲ, ಗಾಲಿಯಿಲ್ಲ, ಸಾರಥಿಯಾದ ಅರುಣನಿಲ್ಲ, ಕೊನೆಗೆ ಸೂರ್ಯನೂ ಇಲ್ಲ. ಕೂಲಿಯವರನ್ನು ಮಾತ್ರ ಉಳಿಸಿಕೊಂಡು ಯಜಮಾನನನ್ನು ಬಿಟ್ಟಂತಾಗಿದೆ. ತಾತ ಮೊದಲ ಸಲ ಇದರ ಮುಂದೆ ನಿಂತಾಗ ಕನ್ನಡಕವನ್ನು ಹಣೆಗೇರಿಸಿ ಇಳಿಸಿ ನೋಡಿ, “ಯಾರವ್ವ ಇವನ್ನ ಬಿಚ್ಚಿಬಿಟ್ಟೋರು? ಬೆದರ್ಕಂಡವೆ” ಎಂದರು. ಅತ್ತಿಗೆಗೆ ಮುಖ ಸಣ್ಣದಾಯಿತು. “ಸಂತೋಷಕ್ಕೆ ಓಡ್ತಿವೆ ತಾತ” ಎಂದರು. ತಾತ ಪಟದ ಅಂಚಿನ ಕುದುರೆಯ ಕಣ್ಣನ್ನು ಬೆರಳಿನಿಂದ ತೋರಿಸಿದರು. ಕಣ್ಣಿನ ಬಿಳಿ ಕಾಣುತ್ತಿತ್ತು. ಕುದುರೆಯ ಕಣ್ಣಿನ ಬಿಳಿ ಹಾಗೆ ಕಂಡರೆ ಅದು ಹೆದರಿದೆ ಎಂದು ಅರ್ಥವಂತೆ.

ಅಂದಿನಿಂದ ನಮ್ಮ ಮನೆಯ ಕುದುರೆಗಳಿಗೆಲ್ಲ ತಾತನ ಪರೀಕ್ಷೆ ಶುರುವಾಯಿತು. ತಲೆದೀಪದ ಕುದುರೆಯ ಕಿವಿಗಳು ಹಿಂದಕ್ಕೆ ಕುತ್ತಿಗೆಗೆ ಅಂಟಿಕೊಂಡಿವೆ. ಮಾಡಿದವನು ಗಾಳಿಯ ವೇಗ ತೋರಿಸಲು ಹಾಗೆ ಮಾಡಿದನೋ ಏನೋ. ಕುದುರೆ ಬಲ್ಲವರಿಗೆ ಅದು ಕಚ್ಚುವುದಕ್ಕೆ ಮುಂಚಿನ ಕಿವಿ. ನಮ್ಮ ಮನೆಗೆ ಬಂದ ಅತಿಥಿಗಳೆಲ್ಲ ಅದರ ಅಡಿಯ ಕುರ್ಚಿಯಲ್ಲಿಯೇ ಕೂತು ಕಾಫಿ ಕುಡಿಯುತ್ತಾರೆ. ಮೆಟ್ಟಿಲ ಪಕ್ಕದ ಇಂಗ್ಲಿಷರ ಬೇಟೆಯ ಚಿತ್ರಗಳಲ್ಲಿ ಕುದುರೆಗಳು ಮುಂಗಾಲೆರಡನ್ನೂ ಮುಂದಕ್ಕೆ, ಹಿಂಗಾಲೆರಡನ್ನೂ ಹಿಂದಕ್ಕೆ ಚಾಚಿ, ಹೊಟ್ಟೆ ನೆಲಕ್ಕೆ ಸಮನಾಗಿ ತೇಲುತ್ತಿವೆ. “ಹಿಂಗೆ ಕಾಲು ಹಾಕಿದ್ರೆ ಮೂತಿ ಒಡ್ಕಳ್ತದೆ” ಎಂದು ತಾತ ತೀರ್ಪು ಕೊಟ್ಟರು.

ಓದಿದವನೆಂಬ ಹಮ್ಮಿನಿಂದ ನಾನು ಇದನ್ನು ಪರೀಕ್ಷಿಸಲು ಹೋದೆ. ತಾತನೇ ಗೆದ್ದರು. ಯೂರೋಪಿನ ಚಿತ್ರಕಾರರು ಶತಮಾನಗಳ ಕಾಲ ಓಡುವ ಕುದುರೆಯನ್ನು ಹಾಗೆಯೇ ಬರೆದರು. ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿ ಜೆರಿಕೋ ಎಂಬ ದೊಡ್ಡ ಕಲಾವಿದ 1821ರಲ್ಲಿ ಬರೆದ ಕುದುರೆ ಪಂದ್ಯದ ಚಿತ್ರವೂ ಅದೇ ತಪ್ಪಿನದು. ಆಮೇಲೆ 1878ರಲ್ಲಿ ಮೈಬ್ರಿಜ್ ಎಂಬ ಛಾಯಾಗ್ರಾಹಕ ಕ್ಯಾಲಿಫೋರ್ನಿಯದ ಒಂದು ಓಟದ ದಾರಿಯಲ್ಲಿ ಕ್ಯಾಮೆರಾಗಳನ್ನು ಸಾಲಾಗಿ ಇಟ್ಟು, ಓಡುವ ಕುದುರೆ ದಾರ ಹರಿದಂತೆಲ್ಲ ಒಂದೊಂದು ಚಿತ್ರ ಬೀಳುವಂತೆ ಏರ್ಪಡಿಸಿದ. ಕುದುರೆ ಓಡುವಾಗ ನಾಲ್ಕು ಕಾಲೂ ನೆಲ ಬಿಡುವ ಗಳಿಗೆ ಇರುವುದು ನಿಜವೇ. ಆದರೆ ಆಗ ಕಾಲುಗಳು ಚಾಚಿರುವುದಿಲ್ಲ, ಹೊಟ್ಟೆಯ ಅಡಿಗೆ ಮಡಿಸಿಕೊಂಡು ಬಂದಿರುತ್ತವೆ. ಇಷ್ಟು ತಿಳಿಯುವುದಕ್ಕೆ ಪಶ್ಚಿಮದ ಜಾಣರಿಗೆ ಅಷ್ಟೊಂದು ಕ್ಯಾಮೆರಾಗಳು ಬೇಕಾದವು. ತಾತನಿಗೆ ಗಾಡಿಯ ಮೂಕಿಯ ಹಿಂದೆ ಕೂತು ನೋಡಿದ್ದೇ ಸಾಕಾಗಿತ್ತು.

ಆದರೆ ತಾತನ ತೀರ್ಪು ಕಾಲಿನ ಲೆಕ್ಕವಷ್ಟೇ ಎಂದು ತಿಳಿಯಬಾರದು. ಅಲಂಕಾರದ ತರುಣ ಒಂದು ದಿನ ತನ್ನ ಫೋನಿನಲ್ಲಿ ಎಂ. ಎಫ್. ಹುಸೇನರ ಕುದುರೆಗಳನ್ನು ತೋರಿಸಿದ. ಪಂಢರಾಪುರದಲ್ಲಿ ಹುಟ್ಟಿ, ಮುಂಬಯಿಯ ಬೀದಿಗಳಲ್ಲಿ ಸಿನಿಮಾ ಹಲಗೆಗಳಿಗೆ ಬಣ್ಣ ಬಳಿದು, 2011ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ ಆ ಕಲಾವಿದರ ಕುದುರೆಗಳಲ್ಲಿ ಒಂದು ಕಾಲು ಇನ್ನೊಂದರ ಅಳತೆಯಲ್ಲಿಲ್ಲ. ಕುತ್ತಿಗೆ ಎಲ್ಲಿಂದೆಲ್ಲಿಗೋ ತಿರುಗಿದೆ. ನಮಗೆ ಯಾರಿಗೂ ರುಚಿಸಲಿಲ್ಲ. ತಾತ ಫೋನನ್ನು ಕೈಗೆ ತೆಗೆದುಕೊಂಡು ನೋಡುತ್ತ ಕೂತರು. “ಈ ವಯ್ಯ ಕುದುರೆ ಹತ್ರ ನಿಂತವ್ನೆ” ಎಂದಷ್ಟೇ ಹೇಳಿ ಹಿಂದಕ್ಕೆ ಕೊಟ್ಟರು. ಮಣ್ಣಿನ ಜೋಡಿಯೂ ಅವರಿಗೆ ಹಿಡಿಸಿತು. ಅವು ಬಂಗಾಳದ ಬಾಂಕುರಾ ಜಿಲ್ಲೆಯ ಪಾಂಚಮುಡಾ ಎಂಬ ಹಳ್ಳಿಯ ಕುಂಬಾರರ ಕೆಲಸ. ನೀಳವಾದ ಕುತ್ತಿಗೆ, ಎಲೆಯಂತೆ ನಿಂತ ಕಿವಿ, ಒಳಗೆಲ್ಲ ಪೊಳ್ಳು. ಕಾಲು, ಕುತ್ತಿಗೆ, ಮುಖಗಳನ್ನು ಚಕ್ರದ ಮೇಲೆ ಬೇರೆಬೇರೆಯಾಗಿ ಎತ್ತಿ ಆಮೇಲೆ ಸೇರಿಸುತ್ತಾರೆ. ಅಲ್ಲಿಯ ಜನಕ್ಕೆ ಅದು ಅಲಂಕಾರವಲ್ಲ, ಗ್ರಾಮದೇವತೆಗೆ ಒಪ್ಪಿಸುವ ಹರಕೆ. ತಾತ ಕಿವಿಗಳನ್ನು ಸವರಿ, “ಇದು ಮಾತು ಕೇಳ್ತಾ ಅದೆ” ಎಂದರು. ಅಣ್ಣನ ಮಗುವಿಗೆಂದು ತಂದ ಚನ್ನಪಟ್ಟಣದ ಅರಗಿನ ಬಣ್ಣದ ತೂಗುಕುದುರೆಯ ವಿಷಯ ಕೇಳುವುದೇ ಬೇಡ. ಅದರ ಮುಂದೆ ಅವರು ನೆಲದ ಮೇಲೆ ಕೂತು, ಮಗುವಿಗೆ ಲಗಾಮು ಹಿಡಿಯುವುದನ್ನು ಕಲಿಸುತ್ತಾರೆ: “ಬಿಗಿ ಹಿಡೀಬೇಡ, ಅದರ ಬಾಯಿ ನೊಂದೀತು.”

ಬಾಗಿಲ ಮೇಲಿನ ಲಾಳದ ಪ್ರಕರಣವನ್ನೂ ಹೇಳಿಬಿಡುತ್ತೇನೆ. ಅದೃಷ್ಟಕ್ಕೆಂದು ಕಪ್ಪು ಕುದುರೆಯ ಲಾಳವೊಂದನ್ನು ಅಣ್ಣ ತರಿಸಿದ. ತುದಿಗಳು ಮೇಲಕ್ಕಿರಬೇಕೋ ಕೆಳಕ್ಕಿರಬೇಕೋ ಎಂಬುದರ ಮೇಲೆ ಒಂದು ಸಂಜೆ ಚರ್ಚೆಯಾಯಿತು. ಮೇಲಕ್ಕಿದ್ದರೆ ಅದೃಷ್ಟ ಬಟ್ಟಲಲ್ಲಿ ನಿಂತಂತೆ ನಿಲ್ಲುತ್ತದೆಂದು ಒಂದು ಮತ. ಕೆಳಕ್ಕಿದ್ದರೆ ಹೊಸಿಲು ದಾಟುವವರ ಮೇಲೆ ಸುರಿಯುತ್ತದೆಂದು ಇನ್ನೊಂದು. ತಾತ ಅದನ್ನು ಅಂಗೈಯಲ್ಲಿ ತೂಗಿ ನೋಡಿ, ಉಗುರಿನಿಂದ ಮೊಳೆಯ ತೂತುಗಳನ್ನು ಕೆರೆದು, ಇದು ಯಾವ ಕುದುರೆಯ ಕಾಲಿಗೂ ಹೋಗಿಬಂದದ್ದಲ್ಲ ಎಂದರು. ತುಳಿದ ಲಾಳ ಮುಂದಿನ ತುದಿಯಲ್ಲಿ ಸವೆದಿರುತ್ತದೆ. ಎತ್ತಿನ ಗೊರಸು ಸೀಳಿರುವುದರಿಂದ ಅದರ ಲಾಳ ಎರಡು ತುಂಡು. ಕುದುರೆಯದು ಒಂದೇ ಬಾಗು. ಡಾಂಬರಿನ ಬೀದಿಯಲ್ಲಿ ದಿನವೂ ಓಡುವ ಕುದುರೆಗೆ ತಿಂಗಳು ಒಂದೂವರೆ ತಿಂಗಳಿಗೊಮ್ಮೆ ಹೊಸದನ್ನು ಹೊಡೆಸಬೇಕಾಗುತ್ತಿತ್ತು. ತೆಗೆದ ಹಳೆಯ ಲಾಳವನ್ನು ಕಬ್ಬಿಣದ ತೂಕಕ್ಕೆ ಹಾಕುತ್ತಿದ್ದರಂತೆ. “ಅದ್ರಲ್ಲಿ ಅದೃಷ್ಟ ಇದ್ದಿದ್ರೆ ನಾವೇ ಇಟ್ಕಂತಿರಲಿಲ್ವ?”

ಈ ವೇಳೆಗೆ ಓದುಗರಿಗೆ ಒಂದು ಪ್ರಶ್ನೆ ಹುಟ್ಟಿರಬೇಕು. ನಮ್ಮ ಕಾಲೇಜಿನ ಕೆಲವರಿಗಾದರೂ ಹುಟ್ಟಿರಲೇಬೇಕು, ಏಕೆಂದರೆ ಅವರಿಗೆ ನಾನು ಬೇರೆಯೇ ಹೇಳಿದ್ದೇನೆ.

ಕಳೆದ ವರ್ಷ ನಮ್ಮ ಇತಿಹಾಸ ವಿಭಾಗದವರು ಹಂಪೆಗೆ ಪ್ರವಾಸ ಹೋಗಿದ್ದೆವು. ಮಹಾನವಮಿ ದಿಬ್ಬದ ಬದಿಯಲ್ಲಿ ಕೆತ್ತಿರುವ ಕುದುರೆಗಳ ಸಾಲುಗಳ ಮುಂದೆ ನಮ್ಮ ಅಧ್ಯಾಪಕರು ಒಂದು ಗಂಟೆ ಮಾತನಾಡಿದರು. ನನ್ನ ಮೂರು ಸೆಮಿಸ್ಟರಿನ ಪಾಠಗಳಲ್ಲಿ ಅಷ್ಟು ಚೆನ್ನಾಗಿ ನೆನಪಿರುವುದು ಇನ್ನೊಂದಿಲ್ಲ. ವಿಜಯನಗರದ ಸೈನ್ಯಕ್ಕೆ ಕುದುರೆಗಳು ಅರಬ್ಬರ ಮತ್ತು ಪಾರಸಿಗಳ ನಾಡಿನಿಂದ ಹಡಗಿನಲ್ಲಿ ಬರುತ್ತಿದ್ದವು. ನೂನಿಜ್ ಎಂಬ ಪೋರ್ಚುಗೀಸರವನು, ಸ್ವತಃ ಕುದುರೆಯ ವ್ಯಾಪಾರಿ, ಬರೆದಿಟ್ಟಿದ್ದಾನೆ: ಸಾಳುವ ನರಸಿಂಹನು ಕುದುರೆಗಳನ್ನು ಎಷ್ಟು ಬಯಸುತ್ತಿದ್ದನೆಂದರೆ, ದಾರಿಯಲ್ಲಿ ಸಮುದ್ರದ ಮೇಲೆ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬದುಕಿರುವುದಕ್ಕೆ ಕೊಡುವ ಬೆಲೆಯನ್ನೇ ಕೊಡುತ್ತಿದ್ದನು. ಹೊಯ್ಸಳರ ಸೋಮನಾಥಪುರದಲ್ಲಿಯೂ ಅಡಿಯಲ್ಲಿ ಆನೆಗಳ ಸಾಲು, ಅದರ ಮೇಲೆ ರಾವುತರ ಸಾಲು. ಕುದುರೆಯಿಂದ ಮನೆಯನ್ನೂ ಗುಡಿಯನ್ನೂ ಸಿಂಗರಿಸುವುದು ನಮಗೆ ಹೊಸದಲ್ಲ, ಆದರೆ ಆ ಕಲ್ಲುಕುಟಿಗರು ಕೆಲಸ ಮುಗಿಸಿ ಮನೆಗೆ ಹೋಗುವಾಗ ನಿಜವಾದ ಕುದುರೆಗಳಿಗೆ ದಾರಿಬಿಟ್ಟು ನಿಲ್ಲಬೇಕಾಗಿತ್ತು ಎಂದು ಹೇಳಿ, ಅವರು ನಗುತ್ತ, “ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಕುದುರೆ ಇತ್ತೇನ್ರಯ್ಯ?” ಎಂದರು.

ನಾನು ಕೈಯೆತ್ತಿದೆ. ಎತ್ತಿದ ಮೇಲೆ, ಸುತ್ತ ಕೂತಿದ್ದ ಐವತ್ತು ಮುಖಗಳನ್ನು ನೋಡಿದ ಮೇಲೆ, ನನ್ನ ಬಾಯಿಂದ ಬಂದ ಮಾತು ಇದು: “ನಮ್ಮ ತಾತ ಅರಮನೆಯ ಕುದುರೆ ಲಾಯದಲ್ಲಿದ್ದರು ಸಾರ್.”

ನಮ್ಮ ತಾತ ಅರಮನೆಯ ಲಾಯದಲ್ಲಿರಲಿಲ್ಲ. ಅವರು ಜಟಕಾ ಹೊಡೆಯುತ್ತಿದ್ದರು. 1964ರಿಂದ 1993ರವರೆಗೆ, ರೈಲ್ವೆ ಸ್ಟೇಷನ್ನಿನಿಂದ ಅಗ್ರಹಾರಕ್ಕೆ, ಅಗ್ರಹಾರದಿಂದ ಮಾರುಕಟ್ಟೆಗೆ, ಮಾರುಕಟ್ಟೆಯಿಂದ ಆಸ್ಪತ್ರೆಗೆ. ಬಸುರಿ ಹೆಂಗಸರನ್ನು, ಹಲಸಿನ ಹಣ್ಣುಗಳನ್ನು, ಮೃಗಾಲಯ ನೋಡಲು ಬಂದ ಪರಸ್ಥಳದವರನ್ನು ಸಾಗಿಸುತ್ತಿದ್ದರು. ಲಾಯವಿದ್ದದ್ದು ನಮ್ಮ ಹಳೆಯ ಮನೆಯ ಹಿತ್ತಿಲಲ್ಲಿ. ಅದು ತಗಡಿನ ಮಾಡು. ನಾನು ಕಂಡಾಗ ಅಲ್ಲಿ ಅಣ್ಣನ ಸ್ಕೂಟರು ನಿಲ್ಲುತ್ತಿತ್ತು.

ಆ ಸುಳ್ಳು ಹಂಪೆಯಲ್ಲಿಯೇ ಉಳಿಯಲಿಲ್ಲ. ವೈಶಾಖದಲ್ಲಿ ಗೃಹಪ್ರವೇಶವಾಯಿತು. ಸಹಪಾಠಿಗಳನ್ನು ಕರೆದಿದ್ದೆ, ಅಧ್ಯಾಪಕರೂ ದೊಡ್ಡ ಮನಸ್ಸು ಮಾಡಿ ಬಂದರು. ಅವರು ಏಳು ಕುದುರೆಗಳನ್ನು ನೋಡಿದರು, ಹಿತ್ತಾಳೆಯದನ್ನು ಮುಟ್ಟಿದರು, ಬಾಂಕುರಾದ ಜೋಡಿಯನ್ನು ಗುರುತಿಸಿ ಮೆಚ್ಚಿದರು. ಕೋಪದ ಕಿವಿಯ ತಲೆಯ ಅಡಿಯಲ್ಲಿ ಕೂತು, “ಮನೆತನಕ್ಕೆ ತಕ್ಕ ಅಲಂಕಾರ” ಎಂದರು. ಆಮೇಲೆ ತಾತನ ಕಡೆ ತಿರುಗಿ, “ಯಜಮಾನರು ಅರಮನೆಯಲ್ಲಿ ಬಹಳ ವರ್ಷ ಇದ್ದರಂತೆ” ಎಂದರು.

ನನ್ನ ಕೈಯಲ್ಲಿ ಕಾಫಿಯ ತಟ್ಟೆಯಿತ್ತು. ತಾತ ನನ್ನನ್ನು ನೋಡಿದರು. ಎಷ್ಟು ಹೊತ್ತು ನೋಡಿದರೆಂದು ಹೇಳಲಾರೆ. ಬಟ್ಟಲುಗಳು ತಟ್ಟೆಯಲ್ಲಿ ಸದ್ದು ಮಾಡುವಷ್ಟು ಹೊತ್ತು. ಆಮೇಲೆ ಅವರು ಅಧ್ಯಾಪಕರಿಗೆ ಕೈಮುಗಿದು, “ಅರಮನೆ ಬಾಗಿಲಲ್ಲೇ ಇದ್ದೆ ಬುದ್ಧಿ, ಇಪ್ಪತ್ತೊಂಬತ್ತು ವರ್ಷ” ಎಂದರು. ಅದು ಸುಳ್ಳಲ್ಲ. ಬಾಡಿಗೆಗಾಗಿ ಕಾಯುತ್ತ ಅವರು ಗಾಡಿ ನಿಲ್ಲಿಸುತ್ತಿದ್ದ ಜಾಗಗಳಲ್ಲಿ ಅರಮನೆಯ ಎದುರೂ ಒಂದು. “ಮಹಾರಾಜರನ್ನ ನೋಡಿದ್ದೀರಾ?” “ದಸರಾದಾಗ ನೋಡಿದ್ದೀನಿ. ಅವ್ರ ಕುದುರೆಗಳನ್ನೂ ನೋಡಿದ್ದೀನಿ. ನನ್ನ ಕುದುರೆ ಕಂಡ್ರೆ ಅವು ಕೆನೆಯೋವು.” ಎಲ್ಲರೂ ನಕ್ಕರು. ನಾನು ಅಡುಗೆಮನೆಗೆ ಹೋಗಿ ನೀರು ಕುಡಿದೆ.

ಅವರು ಹೋದ ಮೇಲೂ ತಾತ ನನಗೆ ಏನನ್ನೂ ಹೇಳಲಿಲ್ಲ. ಗದರಿಸಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲವೇನೋ. ರಾತ್ರಿ ತಮ್ಮ ಹಳೆಯ ಟ್ರಂಕನ್ನು ತೆಗೆದು ನನ್ನನ್ನು ಕರೆದರು. ಒಳಗೆ ಗೆಜ್ಜೆಯ ಪಟ್ಟಿಯೊಂದು, ಬಿರುಕುಬಿಟ್ಟ ಕಣ್ಣುಪಟ್ಟಿ, ಕೂದಲು ಸವೆದ ಮಾಲೀಸಿನ ಬುರುಸು, ಹಳೆಯ ಪತ್ರಿಕೆಯಲ್ಲಿ ಸುತ್ತಿದ ಜಟಕಾದ ಎರಡು ಹಿತ್ತಾಳೆಯ ದೀಪಗಳು. ಕುದುರೆಗೆ ಕಣ್ಣುಗಳು ಪಕ್ಕದಲ್ಲಿರುವುದರಿಂದ ತನ್ನ ಹಿಂದೆ ಬರುವುದೂ ಬಹುಮಟ್ಟಿಗೆ ಕಾಣುತ್ತದಂತೆ. ಲಾರಿಗೆ ಬೆದರಬಾರದೆಂದು ಈ ಪಟ್ಟಿ. “ನಿನಗೂ ಒಂದು ಬೇಕಾಗಿತ್ತು” ಎಂದರು. ಅವರು ಆಡಿದ್ದು ಅಷ್ಟೇ.

ಈ ದೀಪಗಳನ್ನು ಅಲಂಕಾರದ ತರುಣ ಸಾಮಾನು ಸಾಗಿಸುವ ದಿನವೇ ಕಂಡಿದ್ದ. ಅವನ ಕಣ್ಣು ಅರಳಿತ್ತು. ಇಂಥವಕ್ಕೆ ಜನ ಹುಡುಕಿಕೊಂಡು ಬಂದು ಹಣ ಕೊಡುತ್ತಾರೆಂದೂ, ಇವನ್ನು ನಡುಮನೆಯ ಕಂಬಗಳಿಗೆ ಹಾಕಿದರೆ ಬೇರೆ ಯಾವ ಅಲಂಕಾರವೂ ಬೇಡವೆಂದೂ ಹೇಳಿದ. ಅಪ್ಪ ಬಣ್ಣದ ವಿಷಯದಲ್ಲಾಗಲಿ ಬೆಲೆಯ ವಿಷಯದಲ್ಲಾಗಲಿ ಒಂದು ಮಾತೂ ಆಡಿದವರಲ್ಲ. ಅಂದು ಮಾತ್ರ, “ಅವು ಬೇಡ” ಎಂದರು. ತರುಣ ಏಕೆಂದು ಕೇಳಿದ. ಅಪ್ಪ ಎದ್ದುಹೋದರು. ಹೀಗೆ ನಿಜವಾದ ಕುದುರೆ ಕಂಡ ವಸ್ತುಗಳೆಲ್ಲ ಮಂಚದ ಕೆಳಗೆ ಸೇರಿದವು.

ನನಗೆ ಅಪ್ಪನ ಮೇಲೆ ಕೋಪ ಬಂದಿತ್ತು. ಅಪ್ಪನಿಗಿಂತ ನಾನೇನು ಹೆಚ್ಚು ಧೈರ್ಯಶಾಲಿ ಎಂಬುದು ಆಮೇಲೆ ಹೊಳೆಯಿತು. ಅಮ್ಮ ಹೇಳಿದರು: ಅಪ್ಪ ಹೈಸ್ಕೂಲಿನಲ್ಲಿದ್ದಾಗ ಮಳೆಯ ದಿನಗಳಲ್ಲಿ ತಾತ ಅವರನ್ನು ಗಾಡಿಯಲ್ಲಿ ಬಿಟ್ಟುಬರುತ್ತಿದ್ದರು. ಒದ್ದೆಯಾದ ಕುದುರೆಯ ವಾಸನೆ ಅಂಗಿಗೆ ಹತ್ತಿಕೊಂಡಿರುತ್ತಿತ್ತು. ಹುಡುಗರು ಮೂಗು ಮುಚ್ಚಿಕೊಂಡು ಕೆನೆಯುತ್ತಿದ್ದರು. ಅಪ್ಪ ಆಮೇಲೆ ಒಂದು ಬೀದಿ ಮುಂಚೆಯೇ ಇಳಿದು ನೆನೆಯುತ್ತ ಹೋಗುತ್ತಿದ್ದರು. ತಾತ ಏಕೆಂದು ಕೇಳಲಿಲ್ಲ, ಮರುದಿನದಿಂದ ಅಲ್ಲಿಯೇ ನಿಲ್ಲಿಸುತ್ತಿದ್ದರು. ನಾನು ಮೂಗುಮುಚ್ಚಿ ಕೆನೆದವರನ್ನು ಕಂಡವನಲ್ಲ. ನನ್ನ ಅಂಗಿಗೆ ಸಾಬೂನಿನ ವಾಸನೆಯಲ್ಲದೆ ಬೇರೆ ಹತ್ತಿದ್ದಿಲ್ಲ. ನಾನು ಸುಳ್ಳಾಡಿದ್ದಕ್ಕೆ ಅಷ್ಟು ನೆಪವೂ ಇಲ್ಲ.

ಕೊನೆಯ ಕುದುರೆ ಚೆಲುವಿ. ಕಂದು ಬಣ್ಣ, ಹಣೆಯಲ್ಲಿ ಬಿಳಿಯ ಚುಕ್ಕೆ. ಅಪ್ಪನ ಬಿ.ಎ. ಓದಿನ ಶುಲ್ಕವನ್ನು 1988ರಿಂದ ಮೂರು ವರ್ಷ ಕಟ್ಟಿದ್ದು ಅದೇ. ಆಗಲೇ ಆಟೋರಿಕ್ಷಾಗಳು ತುಂಬಿಹೋಗಿದ್ದವು; ಸ್ಟೇಷನ್ನಿನಲ್ಲಿ ರೈಲಿಳಿದವರು ಜಟಕಾದ ಕಡೆ ನೋಡದೆ ಹೋಗುತ್ತಿದ್ದರು. 1993ರ ಮಳೆಗಾಲದಲ್ಲಿ ಅದಕ್ಕೆ ಹೊಟ್ಟೆನೋವು ಬಂತು. ಕುದುರೆಗೆ ವಾಂತಿಯಾಗುವುದಿಲ್ಲ. ತಿಂದದ್ದು ಕೆಟ್ಟರೆ ಹೊರಬರಲು ದಾರಿಯಿಲ್ಲದೆ ಒಳಗೇ ಹಿಂಡುತ್ತದೆ; ಮಲಗಲು ಬಿಟ್ಟರೆ ಹೊರಳಾಡಿ ಕರುಳು ತಿರುಚಿಕೊಳ್ಳುವುದುಂಟು. ಅದಕ್ಕೇ ನಡೆಸುತ್ತಲೇ ಇರಬೇಕೆಂಬುದು ಗಾಡಿಯವರ ಪದ್ಧತಿ. “ರಾತ್ರಿಯೆಲ್ಲ ನಡೆಸಿದೊ, ಬೆಳಗಿನ ಜಾವ ಮಲಗಿಬಿಡ್ತು” ಎಂದು ತಾತ ಹೇಳಿದರು. ಅಲ್ಲಿಗೆ ಜಟಕಾ ನಿಂತಿತು.

ಮಾನ್ಯ ಅಧ್ಯಾಪಕರೇ, ತಾವು ಇತಿಹಾಸ ಸಂಘದಲ್ಲಿ ಅರಮನೆಯ ಕುದುರೆಗಳ ವಿಷಯವಾಗಿ ತಾತ ಮಾತನಾಡಬೇಕೆಂದು ನನ್ನನ್ನು ಎರಡು ಸಲ ಕೇಳಿದಿರಿ. ಎರಡು ಸಲವೂ ಅವರಿಗೆ ಮೈ ಸರಿಯಿಲ್ಲವೆಂದೆ. ತಾತ ಗಟ್ಟಿಮುಟ್ಟಾಗಿದ್ದಾರೆ. ದಿನವೂ ಎರಡು ಮೈಲಿ ನಡೆಯುತ್ತಾರೆ. ಅರಮನೆಯ ಲಾಯದ ವಿಷಯ ಅವರಿಗೆ ತಿಳಿಯದು. ಬಾಗಿಲ ಹೊರಗಿನದನ್ನು ಬೇಕಾದಷ್ಟು ಹೇಳಬಲ್ಲರು. ಹಂಪೆಯಲ್ಲಿ ನನ್ನ ಜೊತೆ ಕೂತಿದ್ದ ಗೆಳೆಯರಿಗೂ ಇದೇ ಅರಿಕೆ. ಎದುರಿಗೆ ನಿಂತು ಹೇಳುವಷ್ಟು ಎದೆಗಾರಿಕೆ ಇಲ್ಲದುದರಿಂದ ಸಂಪಾದಕರ ಈ ಪುಟಗಳನ್ನು ಬಳಸಿಕೊಂಡಿದ್ದೇನೆ.

ಇದನ್ನು ಸಂಪಾದಕರಿಗೆ ಕೊಡುವ ಮುಂಚೆ ಅಪ್ಪನ ಮೇಜಿನ ಮೇಲಿಟ್ಟೆ. ಅವರದೂ ಒಂದು ಪಾಲು ಇದರಲ್ಲಿರುವುದರಿಂದ ಕೇಳದೆ ಅಚ್ಚು ಮಾಡಿಸುವುದು ಸರಿಯಲ್ಲವೆನಿಸಿತು. ಎರಡು ದಿನ ಅದು ಹಾಗೆಯೇ ಇತ್ತು. ಮೂರನೆಯ ರಾತ್ರಿ ನಾನು ಓದುತ್ತಿರುವಾಗ ಬಂದು, ಹಾಳೆಗಳನ್ನು ಮುಂದಿಟ್ಟು, “ನನ್ನ ಹೆಸರು ಎಲ್ಲೂ ಹಾಕಿಲ್ಲ ತಾನೆ?” ಎಂದು ಕೇಳಿದರು. ಇಲ್ಲವೆಂದೆ. ಹೊರಟವರು ಬಾಗಿಲಲ್ಲಿ ನಿಂತರು.

“ಕುದುರೆ ಹೆಸರು ತಪ್ಪಾಗಿದೆ. ನೀನು ರಾಣಿ ಅಂತ ಬರೆದಿದ್ದೀಯ. ರಾಣಿ ಅದಕ್ಕೆ ಮುಂಚಿನದು, ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಹೋಯಿತು. ಫೀಜು ಕಟ್ಟಿದ್ದು ಚೆಲುವಿ.” ಸ್ವಲ್ಪ ಹೊತ್ತ ಮೇಲೆ ಮತ್ತೆ ಹೇಳಿದರು: “ಆವತ್ತು ನಿಮ್ಮ ತಾತನಿಗೆ ಜ್ವರ. ಒಂದು ಗಂಟೆ ಆದಮೇಲೆ ನಡೆಸಿದ್ದು ನಾನೇ.”

ಆದ್ದರಿಂದ ಮೇಲೆ ರಾಣಿ ಎಂದಿದ್ದ ಕಡೆಯೆಲ್ಲ ಹೊಡೆದು ಚೆಲುವಿ ಎಂದು ತಿದ್ದಿದ್ದೇನೆ. ದೀಪಗಳು ಇನ್ನೂ ಮಂಚದ ಕೆಳಗೇ ಇವೆ. ಆದರೆ ನಿನ್ನೆ ಅಪ್ಪ ಅಮ್ಮನನ್ನು, ಹಿತ್ತಾಳೆ ತಿಕ್ಕುವ ಹುಣಿಸೆಹಣ್ಣು ಮನೆಯಲ್ಲಿದೆಯೇ ಎಂದು ಕೇಳುತ್ತಿದ್ದರು.